ಡಗ್ಗದ ಪಕ್ಕ ಕೂತ ಗಿಟಾರ್

ಮನೆಯಲ್ಲಿ ಒಬ್ಬನೇ ಕೂತು ಗಿಟಾರ್ ಕಲಿತವರಿಗೆ ಒಂದು ಸೌಕರ್ಯ ಇರುತ್ತದೆ. ಟಿಕ್ ಟಿಕ್ ಅಂತ ಲಯ ಕೊಡುವ ಮೆಟ್ರೋನೋಮ್ ಯಾವತ್ತೂ ಉಸಿರು ತೆಗೆದುಕೊಳ್ಳುವುದಿಲ್ಲ. ಬ್ಯಾಕಿಂಗ್ ಟ್ರ್ಯಾಕಿಗೆ ಗಂಟಲು ಕಟ್ಟುವುದಿಲ್ಲ, ಮೂಡು ಕೆಡುವುದಿಲ್ಲ. ನಿನ್ನೆ ನುಡಿಸಿದ ಹಾಗೇ ಇವತ್ತೂ ನುಡಿಸುತ್ತದೆ. ನಾನು ಹಾಗೆ ಕಲಿತವನು. ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಬದಲಾಯಿಸುವುದು ಸಲೀಸು, ಸ್ಟ್ರಮ್ಮಿಂಗ್ ಗಟ್ಟಿ. ಒಂದೇ ಬೆರಳಲ್ಲಿ ತಂತಿಗಳನ್ನೆಲ್ಲ ಅಡ್ಡಲಾಗಿ ಒತ್ತುವ ಬಾರ್ ಕಾರ್ಡ್ ಹಿಡಿದರೂ ಆರು ತಂತಿಯೂ ಸ್ವಚ್ಛವಾಗಿ ನುಡಿಯುತ್ತಿದ್ದವು. ಆಮೇಲೆ ಮೈಸೂರಿನ ಒಂದು ಸಣ್ಣ ಸುಗಮ ಸಂಗೀತ ತಂಡಕ್ಕೆ ಸೇರಿಕೊಂಡೆ. ಅಲ್ಲಿ ಯಾರೂ ನನ್ನ ಬಾರ್ ಕಾರ್ಡಿನ ಬಗ್ಗೆ ಕೇಳಲೇ ಇಲ್ಲ.

ತಂಡದಲ್ಲಿ ಹಾಡುವ ಅಕ್ಕ, ಹಾರ್ಮೋನಿಯಂ ಮೇಷ್ಟ್ರು, ತಬಲಾ ನುಡಿಸುವ ನನ್ನ ಓರಗೆಯ ಗೆಳೆಯ, ಕಾರ್ಯಕ್ರಮ ಇದ್ದಾಗ ಮಾತ್ರ ಬರುವ ಕೊಳಲಿನವರು. ಭಾನುವಾರ ಬೆಳಿಗ್ಗೆ ಮೇಷ್ಟ್ರ ಮನೆ ಮಹಡಿಯಲ್ಲಿ ರಿಹರ್ಸಲ್. ಒಂದು ಜಮಖಾನ, ಒಂದು ಎಲೆಕ್ಟ್ರಾನಿಕ್ ತಂಬೂರ, ಫ್ಲಾಸ್ಕಿನಲ್ಲಿ ಕಾಫಿ. ಹಾಡುವುದು ಹೆಚ್ಚಾಗಿ ಭಾವಗೀತೆ, ನಡುವೆ ಒಂದೆರಡು ಜಾನಪದ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಇವರೆಲ್ಲ ನಡೆದು ಹೋದ ದಾರಿ ಅದು. ಆ ದಾರಿಯಲ್ಲಿ ಪದ್ಯ ಮುಂದೆ, ವಾದ್ಯ ಹಿಂದೆ. ಹಿಂದೆ ಇರುವವನು ಮುಂದಿನವರನ್ನು ಕೇಳಿಸಿಕೊಂಡೇ ನಡೆಯಬೇಕು. ಇದನ್ನು ಬಾಯಲ್ಲಿ ಹೇಳುವುದು ಸುಲಭ. ಕೈ ನುಡಿಸುತ್ತಿರುವಾಗ ಕಿವಿ ಬೇರೆ ಕಡೆ ಇರಬೇಕು ಅನ್ನುವುದನ್ನು ಅಭ್ಯಾಸ ಮಾಡುವುದು ಬೇರೆಯೇ ಕೆಲಸ.

ಮೊದಲ ಪಾಠ ಶ್ರುತಿಯಿಂದ ಶುರುವಾಯಿತು. ಅಕ್ಕನ ಶ್ರುತಿ ಐದೂವರೆ ಮನೆ, ಅಂದರೆ ಹಾರ್ಮೋನಿಯಂನ ಕಪ್ಪು ನಾಲ್ಕು. ಗಿಟಾರಿನವರ ಭಾಷೆಯಲ್ಲಿ ಜಿ ಶಾರ್ಪ್. ನಾನು ಗಿಟಾರಿನ ಕತ್ತಿನ ಮೊದಲನೇ ಅಡ್ಡಪಟ್ಟಿಗೆ, ಅಂದರೆ ಫ್ರೆಟ್ಟಿಗೆ, ಎಲ್ಲ ತಂತಿಯನ್ನೂ ಒತ್ತಿಹಿಡಿಯುವ ಕೇಪೋ ಹಾಕಿ, ಜಿ ಕಾರ್ಡಿನ ಆಕಾರದಲ್ಲಿ ನುಡಿಸಿದರೆ ಆಯಿತು. ಗಿಟಾರಿನ ತಲೆಗೆ ಸಿಕ್ಕಿಸಿದ ಕ್ಲಿಪ್ ಟ್ಯೂನರ್ ಆರೂ ತಂತಿಗೆ ಹಸಿರು ದೀಪ ತೋರಿಸಿತು. ಮೇಷ್ಟ್ರು ಹಾರ್ಮೋನಿಯಂನಲ್ಲಿ ಷಡ್ಜ ಹಿಡಿದರು, ನಾನು ಮೂರನೇ ತಂತಿ ಮೀಟಿದೆ. ಎರಡೂ ಒಂದೇ ಸ್ವರ. ಆದರೂ ನಡುವೆ ವಂವ್ ವಂವ್ ಅಂತ ಒಂದು ತೂಗಾಟ.

"ಆ ದೀಪ ತೆಗೆದು ಜೇಬಿಗೆ ಹಾಕ್ಕೊಳ್ಳಪ್ಪ," ಅಂದರು ಮೇಷ್ಟ್ರು. "ನನ್ನ ಪೆಟ್ಟಿಗೆ ಈಗ ಶ್ರುತಿ ಮಾಡೋಕಾಗಲ್ಲ. ನೀನೇ ಬರಬೇಕು."

ಅವರು ಹೇಳಿದ್ದು ನಿಜ. ಟ್ಯೂನರಿನ ಲೆಕ್ಕ ಎ ಸ್ವರಕ್ಕೆ 440 ಹರ್ಟ್ಸ್. ಹಳೆಯ ಹಾರ್ಮೋನಿಯಂಗಳು ಆ ಲೆಕ್ಕಕ್ಕೆ ಸರಿಯಾಗಿ ಕೂತಿರಲೇಬೇಕು ಅಂತೇನಿಲ್ಲ. ಒಳಗಿನ ಹಿತ್ತಾಳೆ ರೀಡನ್ನು ಕೆರೆದು ಸರಿಮಾಡಬೇಕು, ಅದು ರಿಪೇರಿಯವರ ಕೆಲಸ. ಎರಡು ಸ್ವರಗಳ ನಡುವೆ 2 ಹರ್ಟ್ಸ್ ವ್ಯತ್ಯಾಸ ಇದ್ದರೆ ಸೆಕೆಂಡಿಗೆ ಎರಡು ಸಲ ಆ ತೂಗಾಟ ಕೇಳಿಸುತ್ತದೆ. ಹತ್ತಿರ ಬಂದ ಹಾಗೆ ತೂಗಾಟ ನಿಧಾನವಾಗುತ್ತದೆ, ಕೂಡಿದಾಗ ನಿಂತುಬಿಡುತ್ತದೆ. ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಅದನ್ನೇ ಕಾಯುವುದು. ಮೊದಮೊದಲು ತೂಗಾಟ ಇದೆಯೋ ಇಲ್ಲವೋ ಅನ್ನುವುದೇ ತಿಳಿಯುತ್ತಿರಲಿಲ್ಲ, ಯಾಕೆಂದರೆ ನಾನು ಜೋರಾಗಿ ಮೀಟುತ್ತಿದ್ದೆ. ಜೋರಾಗಿ ಮೀಟಿದ ತಂತಿ ಮೊದಲ ಕ್ಷಣದಲ್ಲಿ ಸ್ವಲ್ಪ ಏರಿ ಆಮೇಲೆ ಇಳಿಯುತ್ತದೆ. ಮೆತ್ತಗೆ ಮೀಟಿ, ಆ ಮೊದಲ ಸದ್ದು ಕಳೆದ ಮೇಲೆ ಉಳಿಯುವ ನಾದವನ್ನು ಕೇಳಬೇಕು. ಕೇಪೋ ಫ್ರೆಟ್ಟಿಗೆ ತೀರಾ ಹತ್ತಿರ ಇರದಿದ್ದರೂ, ಬೆರಳು ಜಾಸ್ತಿ ಒತ್ತಿದರೂ ಸ್ವರ ಏರುತ್ತದೆ. ನನ್ನ ಎಡಗೈ ಎಷ್ಟು ಬಿಗಿ ಅಂತ ಗೊತ್ತಾಗಿದ್ದೇ ಹಾರ್ಮೋನಿಯಂ ಪಕ್ಕ ಕೂತಾಗ.

ಇದೇ ಶ್ರುತಿಯಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಅದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಜಿ ಆಕಾರವನ್ನು ಷಡ್ಜ ಅಂತ ಇಟ್ಟುಕೊಂಡರೆ ಗಿಟಾರಿನ ಖಾಲಿ ತಂತಿಗಳು ಮೇಲಿನಿಂದ ಕೆಳಕ್ಕೆ ದ, ರಿ, ಪ, ಸ, ಗ, ದ. ಸರಿಯಾಗಿ ಮೋಹನ ರಾಗದ ಐದು ಸ್ವರ! ಒಂದು ಬೆರಳೂ ಒತ್ತದೆ ಮೋಹನ ನುಡಿಯುತ್ತದೆ. ಆದರೆ ಗಿಟಾರ್ ಕಲಿತವರು ಮೊದಲು ಹಿಡಿಯುವ ಮೂರು ಕಾರ್ಡು ಜಿ, ಸಿ, ಡಿ. ಸಿ ಕಾರ್ಡಿನಲ್ಲಿ ಮಧ್ಯಮ ಇದೆ, ಡಿ ಕಾರ್ಡಿನಲ್ಲಿ ನಿಷಾದ ಇದೆ. ಮೋಹನದಲ್ಲಿ ಎರಡಕ್ಕೂ ಜಾಗ ಇಲ್ಲ. ಅಕ್ಕ ಮೋಹನದ ಒಂದು ಹಾಡಿನಲ್ಲಿ ಧೈವತದ ಮೇಲೆ ನಿಂತರು, ನಾನು ರೂಢಿಯಂತೆ ಸಿ ಕಾರ್ಡ್ ಬಾರಿಸಿದೆ. ಕಾಗದದ ಮೇಲೆ ನೋಡಿದರೆ ಅದು ಸರಿಯೇ, ಆ ಕಾರ್ಡಿನೊಳಗೆ ಧೈವತ ಇದೆ. ಆದರೆ ಅದರ ಜೊತೆ ಬಂದ ಮಧ್ಯಮ ರಾಗದ ಬಣ್ಣವನ್ನೇ ತಿರುಗಿಸಿಬಿಟ್ಟಿತು. ಅಕ್ಕ ಹಾಡು ನಿಲ್ಲಿಸಲಿಲ್ಲ, ಹುಬ್ಬು ಮಾತ್ರ ಮೇಲೆ ಹೋಯಿತು.

ಈಗ ಆ ಜಾಗದಲ್ಲಿ ಇ ಮೈನರ್ ಹಿಡಿಯುತ್ತೇನೆ. ಅದರಲ್ಲಿ ದ, ಸ, ಗ ಬಿಟ್ಟು ಬೇರೇನೂ ಇಲ್ಲ. ಡಿ ಬೇಕಾದ ಕಡೆ ನಡುವಿನ ಎರಡು ತಂತಿ ಮಾತ್ರ, ಪಂಚಮ ಮತ್ತು ರಿಷಭ. ಸಿನಿಮಾ ಹಾಡಿನ ಕಿವಿಗೆ ಇದು ಬೋಳು ಬೋಳಾಗಿ ಕೇಳಬಹುದು. ಭಾವಗೀತೆಗೆ ಚೆನ್ನಾಗಿ ಹೊಂದುತ್ತದೆ. ಹಾಗಂತ ಎಲ್ಲ ಹಾಡಿಗೂ ಈ ಮಡಿ ಬೇಕಿಲ್ಲ. ರಾಗಸಂಯೋಜನೆ ಮಾಡಿದವರೇ ಪಾಶ್ಚಾತ್ಯ ಕಾರ್ಡುಗಳನ್ನು ಮನಸ್ಸಲ್ಲಿಟ್ಟು ಮಾಡಿದ ಹಾಡುಗಳು ಬೇಕಾದಷ್ಟಿವೆ. ಯಾವುದು ಯಾವ ಜಾತಿ ಅನ್ನುವುದನ್ನು ಹಾಡೇ ಹೇಳುತ್ತದೆ, ಪಲ್ಲವಿ ಒಂದು ಸಲ ಪೂರ್ತಿ ಕೇಳಿದರೆ ಸಾಕು. ಹಾಗಾಗಿ ಹೊಸ ಹಾಡು ಎತ್ತಿಕೊಂಡರೆ ಮೊದಲ ಸುತ್ತು ನಾನು ನುಡಿಸುವುದಿಲ್ಲ.

ಗಾಂಧಾರದ ಕಥೆ ಇನ್ನೂ ಸೂಕ್ಷ್ಮ. ತಂಬೂರದ ತಂತಿಯ ನಾದದೊಳಗೆ ತಾನಾಗಿ ಒಂದು ಅಂತರ ಗಾಂಧಾರ ಕೇಳಿಬರುತ್ತದೆ. ಗಿಟಾರಿನ ಫ್ರೆಟ್ಟುಗಳು ಒಂದು ಸ್ಥಾಯಿಯನ್ನು ಹನ್ನೆರಡು ಸಮ ಪಾಲು ಮಾಡಿ ಕೂರಿಸಿದಂಥವು. ಅದರ ಗಾಂಧಾರ ತಂಬೂರದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ಸ್ ಮೇಲೆ. ಎರಡು ಪಕ್ಕದ ಮನೆಗಳ ನಡುವೆ 100 ಸೆಂಟ್ಸ್ ಅಂತ ಲೆಕ್ಕ ಇಟ್ಟುಕೊಂಡರೆ ಅದರ ಏಳನೇ ಒಂದು ಭಾಗ. ಪಂಚಮದಲ್ಲಿ ಈ ವ್ಯತ್ಯಾಸ 2 ಸೆಂಟ್ಸ್, ಅಂದರೆ ಇಲ್ಲವೇ ಇಲ್ಲ ಅನ್ನಬಹುದು. ಗಲಾಟೆಯಲ್ಲಿ ಇದ್ಯಾವುದೂ ತಿಳಿಯುವುದಿಲ್ಲ. ಆದರೆ ಆಲಾಪದ ಹೊತ್ತಿಗೆ, ತಂಬೂರ ಬಿಟ್ಟರೆ ಬೇರೇನೂ ಇಲ್ಲದಾಗ, ಅಕ್ಕ ಗಾಂಧಾರದ ಮೇಲೆ ನಿಲ್ಲುತ್ತಾರೆ ನೋಡಿ, ಆಗ ನನ್ನ ಜಿ ಕಾರ್ಡ್ ಒಂದು ಚೂರು ಹುಳಿ ಹಿಂಡಿದ ಹಾಗೆ. ಅದನ್ನು ಕೇಳಿಸಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಕೇಳಿಸಿದ ಮೇಲೆ ಸುಮ್ನೆ ಬಿಡಲು ಆಗಲಿಲ್ಲ. ಪರಿಹಾರ ಸರಳ. ಐದನೇ ತಂತಿಯನ್ನು ಬೆರಳ ಪಕ್ಕದಿಂದ ಮುಚ್ಚಿ, ಎರಡನೇ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಜಿ ಕಾರ್ಡಿನಲ್ಲಿ ಬರೀ ಸ ಮತ್ತು ಪ ಉಳಿಯುತ್ತವೆ. ಗಾಂಧಾರ ಹಾಡುವವರ ಪಾಲಿಗೆ.

ಹಾರ್ಮೋನಿಯಂಗೂ ಇದೇ ಆರೋಪ ಇತ್ತಲ್ವಾ? ಸ್ವರ ಕದಲುವುದಿಲ್ಲ, ಗಮಕ ಬರುವುದಿಲ್ಲ ಅಂತ. 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಒಳಗೇ ಬಿಟ್ಟುಕೊಂಡಿರಲಿಲ್ಲ. ಮೇಷ್ಟ್ರ ಮುಂದೆ ಆ ಮಾತು ಎತ್ತಿದರೆ ಅರ್ಧ ಗಂಟೆ ರಿಹರ್ಸಲ್ ಹೋಯಿತು ಅಂತಲೇ ಲೆಕ್ಕ.

ತಾಳದ ಕಡೆ ಬರುತ್ತೇನೆ. ನನಗೆ ಜಾಸ್ತಿ ಕಲಿಸಿದ್ದು ಅದೇ.

ನಾನು ಮೊದಲು ಕೂರುತ್ತಿದ್ದದ್ದು ಹಾರ್ಮೋನಿಯಂ ಪಕ್ಕ. ಗೆಳೆಯನೇ ಒಂದು ದಿನ ಎಬ್ಬಿಸಿ ತನ್ನ ಎಡಗಡೆಗೆ, ಡಗ್ಗದ ಪಕ್ಕ, ಅಂದರೆ ತಬಲಾ ಜೋಡಿಯಲ್ಲಿ ಎಡಗೈ ನುಡಿಸುವ ದಪ್ಪ ಸದ್ದಿನದರ ಪಕ್ಕ ಕೂರಿಸಿದ. "ಗುರು, ನೀನು ಬಲಗೈ ಕೇಳ್ತಿದೀಯ. ಅದು ಬರೀ ಮಾತು. ಎಡಗೈ ಕೇಳು." ಬಲಗೈಯ ನ, ತಿ, ತಿರಕಿಟ ಎಲ್ಲ ಚುರುಕಾಗಿ ಕಿವಿಗೆ ಬೀಳುತ್ತವೆ. ಅದನ್ನು ಹಿಂಬಾಲಿಸಲು ಹೋದರೆ ನಮ್ಮ ಸ್ಟ್ರಮ್ಮಿಂಗೂ ಚಿಲಿಪಿಲಿ ಆಗುತ್ತದೆ. ಕಹರ್ವಾ ತಾಳ ತೆಗೆದುಕೊಳ್ಳಿ: ಧಾ ಗೆ ನ ತಿ, ನ ಕ ಧಿ ನ. ಎಂಟು ಮಾತ್ರೆ. ಮೊದಲ ಅರ್ಧದಲ್ಲಿ ಡಗ್ಗದ ಗುಂಯ್ ಅನ್ನುವ ಸದ್ದು ಇದೆ. ಐದನೇ ಮಾತ್ರೆಯಲ್ಲಿ, ಖಾಲಿಯಲ್ಲಿ, ಅದು ಇಲ್ಲ. ಮತ್ತೆ ಏಳಕ್ಕೆ ಬರುತ್ತದೆ. ಅದು ಇಲ್ಲದ ಜಾಗವನ್ನು ಕೇಳಲು ಕಲಿತರೆ ಎಲ್ಲಿದ್ದೇವೆ ಅಂತ ಎಣಿಸಬೇಕಾಗಿಲ್ಲ. ನನ್ನ ದಪ್ಪ ತಂತಿಯನ್ನು ಆ ಖಾಲಿಯಲ್ಲಿ ಬಾರಿಸಿದರೆ ಅವನು ಬಿಟ್ಟ ಜಾಗವನ್ನು ನಾನು ತುಂಬಿದ ಹಾಗೆ. ತಾಳ ತಪ್ಪುವುದಿಲ್ಲ, ಆದರೆ ಅದರ ತೂಕ ಹೋಗುತ್ತದೆ.

ರೂಪಕ್ ಇನ್ನೊಂದು ತಲೆನೋವು. ಏಳು ಮಾತ್ರೆ: ತೀ ತೀ ನಾ, ಧೀ ನಾ, ಧೀ ನಾ. ಹಿಂದೂಸ್ತಾನಿಯ ಮಿಕ್ಕ ಹೆಸರಾಂತ ತಾಳಗಳಲ್ಲಿ ಸಮ್ ಮೇಲೆ, ಅಂದರೆ ಆವರ್ತನದ ಮೊದಲ ಮಾತ್ರೆಯ ಮೇಲೆ, ಭಾರ ಬೀಳುತ್ತದೆ. ರೂಪಕ್‌ನಲ್ಲಿ ಸಮ್ಮೇ ಖಾಲಿ. ಡಗ್ಗ ನುಡಿಯುವುದು ನಾಲ್ಕಕ್ಕೆ ಮತ್ತು ಆರಕ್ಕೆ. ಗಿಟಾರಿನ ಕಿವಿಗೆ ದಪ್ಪ ಸದ್ದು ಎಲ್ಲಿ ಬಿತ್ತೋ ಅದೇ ಒಂದು. ಹೀಗಾಗಿ ನನ್ನ ಎಣಿಕೆ ಪ್ರತಿ ಸಲವೂ ಮೂರು ಮಾತ್ರೆ ಆಚೆ ಶುರುವಾಗುತ್ತಿತ್ತು. ಕಾರ್ಡ್ ಬದಲಾವಣೆ ಸಾಲಿನ ಮಧ್ಯದಲ್ಲಿ ಎಲ್ಲೋ ಬೀಳುತ್ತಿತ್ತು. ಗೆಳೆಯ ಗಿಟಾರನ್ನು ಕೆಳಗಿಡಿಸಿದ. ಕೈಯಲ್ಲಿ ತಾಳ ಹಾಕುತ್ತಾ, ಬಾಯಲ್ಲಿ ಆ ತೀ ತೀ ನಾ ಬೋಲ್ ಹೇಳುತ್ತಾ, ಅಕ್ಕನ ಹಾಡು ಕೇಳಬೇಕು. ಅದು ಬಂದ ಮೇಲೆ ಗಿಟಾರ್ ಎತ್ತಿಕೊಂಡು ಇಡೀ ಹಾಡಿಗೆ ಆವರ್ತನಕ್ಕೊಂದೇ ಮೀಟು, ಅದೂ ತೆಳ್ಳಗೆ, ಸಣ್ಣ ತಂತಿ ಮೂರು ಮಾತ್ರ. ನಡುವೆ ಅವನು ಬೇಕಂತಲೇ ನುಡಿಸುವುದನ್ನು ನಿಲ್ಲಿಸುತ್ತಿದ್ದ. ಎರಡು ಆವರ್ತನ ಸದ್ದೇ ಇಲ್ಲ. ಮತ್ತೆ ಅವನ ತೀ ಮತ್ತು ನನ್ನ ಮೀಟು ಒಟ್ಟಿಗೆ ಬೀಳಬೇಕು. ಬಿದ್ದ ದಿನ ಅವನು ತಲೆ ಎತ್ತಿಯೂ ನೋಡಲಿಲ್ಲ, ಮುಂದಕ್ಕೆ ಹೋದ. ನಾನಂತೂ ಒಳಗೊಳಗೇ ಕುಣಿದೆ.

ಆವರ್ತನಕ್ಕೊಂದು ಮೀಟು ಅನ್ನುವ ಈ ಅಭ್ಯಾಸವೇ ನನ್ನ ಕಿವಿ ಬಿಡಿಸಿದ್ದು. ಕೈಗೆ ಕೆಲಸ ಕಡಿಮೆ ಆದಾಗ ಕಿವಿಗೆ ಪುರುಸೊತ್ತು ಸಿಗುತ್ತದೆ. ಮುಂಚೆ ನಾನು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ, ಕಾರ್ಡ್ ಸರಿ ಬಂತಾ, ತಂತಿ ಜುಯ್ ಅಂತಾ ಇದೆಯಾ ಅಂತ. ಕೌಂಟ್ ಬೇಸಿಯವರ ಜಾಝ್ ಬ್ಯಾಂಡಿನಲ್ಲಿ ಫ್ರೆಡ್ಡಿ ಗ್ರೀನ್ ಅಂತ ಒಬ್ಬರಿದ್ದರು. 1937ರಲ್ಲಿ ಸೇರಿದವರು, 1987ರಲ್ಲಿ ತೀರಿಕೊಳ್ಳುವವರೆಗೂ ಹೆಚ್ಚುಕಡಿಮೆ ಅರ್ಧ ಶತಮಾನ ಅದೇ ಕೆಲಸ. ತುತ್ತೂರಿಗಳ ಅಷ್ಟು ದೊಡ್ಡ ಬ್ಯಾಂಡಿನ ನಡುವೆ ಆಂಪ್ಲಿಫೈಯರ್ ಇಲ್ಲದ ಗಿಟಾರ್. ಮಾತ್ರೆಗೊಂದು ಮೀಟು, ಅದರಲ್ಲೂ ಎಷ್ಟೋ ಸಲ ಒಂದೆರಡು ಸ್ವರ ಮಾತ್ರ ನುಡಿಯುತ್ತಿದ್ದದ್ದು. ಸೋಲೋ ಅಂತೂ ಅಪರೂಪದಲ್ಲಿ ಅಪರೂಪ. ಅವರ ರೆಕಾರ್ಡಿಂಗ್ ಕೇಳುವಾಗ ಗಿಟಾರ್ ಎಲ್ಲಿದೆ ಅಂತ ಹುಡುಕಬೇಕು. ಹುಡುಕುವ ಆ ಕೆಲಸವೇ ಕಿವಿಗೆ ಒಳ್ಳೆಯ ವ್ಯಾಯಾಮ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನಾನು ಮಾಡುತ್ತಿದ್ದದ್ದು ಅದನ್ನೇ.

ರಿಹರ್ಸಲ್ಲಿಗೂ ಅದೇ ಉಪಾಯ ತಂದೆ. ಮೊಬೈಲನ್ನು ಜಮಖಾನದ ಮಧ್ಯೆ ಇಟ್ಟು ರೆಕಾರ್ಡ್ ಮಾಡುವುದು. ಮನೆಗೆ ಬಂದು ಕೇಳುವಾಗ ಒಂದು ಸಲ ಡಗ್ಗ ಮಾತ್ರ, ಇನ್ನೊಂದು ಸಲ ಹಾರ್ಮೋನಿಯಂ ಮಾತ್ರ, ಮತ್ತೊಂದು ಸಲ ಅಕ್ಕನ ಉಸಿರು ಮಾತ್ರ. ನನ್ನ ಗಿಟಾರನ್ನು ಕೊನೆಗೆ. ಎಲ್ಲವನ್ನೂ ಒಟ್ಟಿಗೆ ಕೇಳುತ್ತೇನೆ ಅಂತ ಹೊರಟರೆ ಏನೂ ಕೇಳುವುದಿಲ್ಲ, ಇದು ನನ್ನ ಅನುಭವ. ಒಂದೊಂದನ್ನೇ ಬಿಡಿಸಿ ಕೇಳಿ ರೂಢಿಯಾದರೆ ನುಡಿಸುವಾಗ ಬೇಕಾದ್ದರ ಕಡೆ ಕಿವಿ ತಾನೇ ಹೊರಳುತ್ತದೆ. ಈ ರೆಕಾರ್ಡಿಂಗುಗಳಲ್ಲೇ ಗೊತ್ತಾಗಿದ್ದು, ಸಾಲು ಮುಗಿದ ಕೂಡಲೇ ನಾವು ಮೂವರೂ ಆ ಸಂದಿಗೆ ನುಗ್ಗುತ್ತೇವೆ. ಮೇಷ್ಟ್ರದ್ದು ಒಂದು ಪಲುಕು, ತಬಲಾದ್ದು ಮೂರು ಸಲ ನುಡಿಸಿ ಮುಗಿಸುವ ಒಂದು ತಿಹಾಯಿ, ನನ್ನದೊಂದು ಓಟ. ಸಂತೆ. ಆಮೇಲೆ ಮಾತಾಡಿಕೊಂಡು ಹಂಚಿಕೊಂಡೆವು. ಪಲ್ಲವಿ ಆದ ಮೇಲಿನ ಸಂದು ಮೇಷ್ಟ್ರಿಗೆ, ಚರಣದ ಮೊದಲ ಸಾಲಿನದು ನನಗೆ, ಪಲ್ಲವಿಗೆ ಮರಳುವ ಜಾಗ ಯಾವತ್ತೂ ತಬಲಾಕ್ಕೆ. ಕೊಳಲು ಇದ್ದ ದಿನ ನನ್ನ ಪಾಲು ಅವರಿಗೆ.

ಹಾರ್ಮೋನಿಯಂ ಮತ್ತು ಗಿಟಾರ್ ಎರಡೂ ಒಂದೇ ಎತ್ತರದಲ್ಲಿ ನುಡಿದರೆ ಎರಡೂ ಕೇಳುವುದಿಲ್ಲ. ಮೇಷ್ಟ್ರು ಒಂದು ಕೈಯಲ್ಲಿ ತಿದಿ ಒತ್ತುತ್ತಾ ಇನ್ನೊಂದು ಕೈಯಲ್ಲಿ ಅಕ್ಕನ ಬೆನ್ನಿಗೇ ನುಡಿಸುತ್ತಾರೆ, ಮಧ್ಯ ಸ್ಥಾಯಿಯಲ್ಲಿ. ಅವರು ಅಲ್ಲಿದ್ದಾಗ ನಾನು ದಪ್ಪ ತಂತಿಗಳಿಗೆ ಇಳಿಯುತ್ತೇನೆ. ಅಕ್ಕ ಮಂದ್ರಕ್ಕೆ ಬಂದರೆ ನಾನು ಮೇಲೆ ಹೋಗುತ್ತೇನೆ. ಇದಕ್ಕೆ ಕಾಗದದಲ್ಲಿ ಬರೆದಿಟ್ಟ ಏರ್ಪಾಡು ಇಲ್ಲ.

ಅಕ್ಕನನ್ನು ಕೇಳುವುದು ಎಲ್ಲಕ್ಕಿಂತ ಕಷ್ಟ. ಅವರು ಸಾಹಿತ್ಯ ನೋಡಿ ಹಾಡುವವರು. ಒಂದು ಮಾತಿಗೆ ಭಾವ ಬಂತು ಅಂದರೆ ಅದನ್ನು ಎಳೆಯುತ್ತಾರೆ, ಮುಂದಿನ ಸಾಲನ್ನು ಅರ್ಧ ಮಾತ್ರೆ ತಡೆದು ಎತ್ತಿಕೊಳ್ಳುತ್ತಾರೆ. ತಾಳ ಕದಲುವುದಿಲ್ಲ, ಪದಗಳು ಮಾತ್ರ ಅದರ ಮೇಲೆ ಹಿಂದೆ ಮುಂದೆ ಆಡುತ್ತವೆ. ಕಾರ್ಡನ್ನು ಪದದ ಜೊತೆ ಬದಲಾಯಿಸಬೇಕಾ, ತಾಳದ ಜೊತೆಗಾ? ಕೇಳಿಯೇಬಿಟ್ಟೆ.

"ತಾಳದ ಜೊತೆಗೇ ಇರು. ನೀನೂ ನನ್ನ ಜೊತೆ ಬಂದುಬಿಟ್ಟರೆ ನಾನು ತಡೆದಿದ್ದೇ ಗೊತ್ತಾಗಲ್ಲ," ಅಂದರು ಅಕ್ಕ. "ಆದ್ರೆ ಕೊನೇ ಸಾಲಲ್ಲಿ ನನ್ನ ಮುಖ ನೋಡು. ಅಲ್ಲಿ ತಾಳನೂ ನಿಲ್ಲತ್ತೆ."

ಅದಾದ ಮೇಲೆ ಪ್ರತಿ ಹಾಡಿನ ಸಾಹಿತ್ಯವನ್ನು ಕೈಯಲ್ಲಿ ಬರೆದುಕೊಳ್ಳುತ್ತೇನೆ, ಕಾರ್ಡುಗಳ ಪಟ್ಟಿ ಅಲ್ಲ. ಅಕ್ಕ ಉಸಿರು ತೆಗೆದುಕೊಳ್ಳುವ ಕಡೆ ಪೆನ್ಸಿಲಿನಲ್ಲಿ ಒಂದು ಗೀರು. ಎತ್ತುಗಡೆ ಸಮ್ಮಿಗೋ, ಆಮೇಲೋ ಅನ್ನುವ ಗುರುತು. ಪದ್ಯದ ಅರ್ಥ ತಿಳಿದರೆ ಅವರು ಯಾವ ಮಾತಿನ ಮೇಲೆ ನಿಲ್ಲಬಹುದು ಅಂತ ಮುಂಚೆಯೇ ಊಹಿಸಬಹುದು. ಅರ್ಧಕ್ಕರ್ಧ ಊಹೆ ಸರಿ ಬರುತ್ತದೆ.

ವೇದಿಕೆ ಮೇಲೆ ಈ ಎಲ್ಲ ಪಾಠಕ್ಕೂ ಪರೀಕ್ಷೆ. ಗಣೇಶನ ಪೆಂಡಾಲಿನಲ್ಲಿ ಕಾರ್ಯಕ್ರಮ ಅಂದರೆ ರಸ್ತೆ ಮಧ್ಯೆ ವೇದಿಕೆ, ಎರಡೂ ಬದಿಗೆ ಆಳೆತ್ತರದ ಸ್ಪೀಕರು, ಎದುರಿಗೆ ಯಾರದೋ ಮೂರಂತಸ್ತಿನ ಮನೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಎದುರಿನ ಗೋಡೆ 34 ಮೀಟರ್ ದೂರ ಇದ್ದರೆ ಹೋಗಿ ಬರಲು ಸೆಕೆಂಡಿನ ಐದನೇ ಒಂದು ಭಾಗ. ತಬಲಾದ ಪೆಟ್ಟು ಬಿದ್ದ ಮೇಲೆ ಅದೇ ಪೆಟ್ಟು ಗೋಡೆಯಿಂದ ತಡವಾಗಿ ವಾಪಸ್ ಬರುತ್ತದೆ. ಜೋರಾಗಿರುವುದು ಅದೇ ಆದ್ದರಿಂದ ಕಿವಿ ಅದರ ಹಿಂದೆ ಹೋಗುತ್ತದೆ. ಹೋದರೆ ಕಥೆ ಮುಗಿಯಿತು, ಹಾಡು ಕುಂಟುತ್ತಾ ನಿಧಾನವಾಗುತ್ತದೆ. ಅಲ್ಲಿ ಡಗ್ಗದ ಪಕ್ಕ ಕೂತದ್ದು ಕೈ ಹಿಡಿಯಿತು. ಮೈಕಿಗೆ ಹೋಗುವ ಮೊದಲಿನ ಸದ್ದು ನೇರವಾಗಿ ಕೇಳುತ್ತದೆ, ಕೇಳದಿದ್ದರೂ ಅವನ ಅಂಗೈ ಡಗ್ಗದ ಮೇಲೆ ಜಾರುವುದು ಕಾಣುತ್ತದೆ.

ನುಡಿಸುವವರಿಗೇ ಕೇಳಿಸಲಿ ಅಂತ ವೇದಿಕೆ ಮೇಲೆ ಇಡುವ ಸ್ಪೀಕರೇ ಮಾನಿಟರ್. ಸೌಂಡಿನವರ ಹತ್ತಿರ ಎಲ್ಲರೂ ಕೇಳುವುದು ಒಂದೇ: "ಅಣ್ಣ, ಮಾನಿಟರಲ್ಲಿ ನಂದು ಸ್ವಲ್ಪ ಜಾಸ್ತಿ ಮಾಡಿ." ನಾಲ್ಕು ಜನ ಹಾಗೆ ಕೇಳಿದರೆ ಕೊನೆಗೆ ಉಳಿಯುವುದು ಕುಂಯ್ ಅನ್ನುವ ಶಿಳ್ಳೆ. ನಾನು ಈಗ ಅಕ್ಕನ ದನಿ ಜಾಸ್ತಿ, ಗಿಟಾರ್ ಕಡಿಮೆ ಅಂತ ಕೇಳುತ್ತೇನೆ. ಮೊದಲ ಸಲ ಹಾಗೆ ಕೇಳಿದಾಗ ಸೌಂಡಿನವರು, "ಗಿಟಾರಿನವರು ನೀವೇ ತಾನೆ?" ಅಂತ ಖಾತ್ರಿ ಮಾಡಿಕೊಂಡರು.

ಈಚೆಗೆ ತಂಡಕ್ಕೆ ಒಬ್ಬ ಹುಡುಗ ಬಂದಿದ್ದಾನೆ, ರಿದಮ್ ಪ್ಯಾಡ್ ನುಡಿಸುವವನು. ಒಳ್ಳೆಯ ಕೈ. ಆದರೆ ಪ್ಯಾಡಿನಲ್ಲಿ ತಾನೇ ತಾನಾಗಿ ಸುತ್ತುತ್ತಿರುವ ಲೂಪ್ ಹಾಕಿಬಿಟ್ಟರೆ ಅದು ಯಾರನ್ನೂ ಕೇಳುವುದಿಲ್ಲ. ಅಕ್ಕ ಕೊನೆಯ ಸಾಲಿನಲ್ಲಿ ನಿಂತರೆ ಅದು ನಿಲ್ಲುವುದಿಲ್ಲ, ಅವರೇ ಓಡಿ ಬಂದು ಹತ್ತಿಕೊಳ್ಳಬೇಕು. ಮೇಷ್ಟ್ರಿಗೂ ಅವನಿಗೂ ಎರಡು ಭಾನುವಾರ ಚರ್ಚೆ ನಡೆಯಿತು. ಲೂಪ್ ಇಲ್ಲದಿದ್ದರೆ ಜನ ಚಪ್ಪಾಳೆ ತಟ್ಟುವುದಿಲ್ಲ ಅಂತ ಅವನು. ಚಪ್ಪಾಳೆ ತಟ್ಟಿದರೆ ಪದ್ಯ ಕೇಳುವುದಿಲ್ಲ ಅಂತ ಇವರು. ಸದ್ಯಕ್ಕೆ ರಾಜಿ ಆಗಿದೆ: ಜಾನಪದಕ್ಕೆ ಲೂಪ್, ಭಾವಗೀತೆಗೆ ಅವನು ಕೈಯಿಂದಲೇ ನುಡಿಸಬೇಕು. ಕೂರುವ ಜಾಗದ ತಕರಾರು ಮಾತ್ರ ಇನ್ನೂ ಬಗೆಹರಿದಿಲ್ಲ. ಅವನಿಗೂ ಡಗ್ಗದ ಪಕ್ಕವೇ ಬೇಕಂತೆ.